ಹಳೇ ಕಾರಿಗೆ ಮನೆಯಲ್ಲೇ ಪೇಂಟ್ ಹೊಡೆಯುವ ಮುಂಚೆ ಇದನ್ನೊಮ್ಮೆ ಓದಿ

ಮನೆಯಲ್ಲೇ ಕಾರಿನ ತುಕ್ಕು ತೆಗೆದು ಪೇಂಟ್ ಹೊಡೆಯೋಣ ಅಂತ ಯಾರಾದರೂ ಸ್ಯಾಂಡ್ ಪೇಪರ್ ತಂದಿಟ್ಟುಕೊಂಡಿದ್ದರೆ ಎರಡು ದಿನ ತಡೆಯಿರಿ. ನನ್ನ ಕಥೆ ಕೇಳಿ, ಆಮೇಲೆ ಶುರು ಮಾಡಿ.

ನನ್ನದು 1999ರ ಬಿಳಿ ಮಾರುತಿ 800. ಈ ಮಾಡೆಲ್ ಬರುವುದು 2014ರಲ್ಲೇ ನಿಂತಿತು. ಆದರೂ ಇಂಜಿನ್ ಗಟ್ಟಿ, ರಿಪೇರಿ ಸುಲಭ ಅಂತ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡೆ. ನಂಬರ್ ಕೆಎ-19, ಅಂದರೆ ಮಂಗಳೂರು. ಕೊಳ್ಳುವಾಗ ಇಂಜಿನ್ ಸದ್ದು ಕೇಳಿದೆ, ಟೈರ್ ನೋಡಿದೆ. ಆ ನಂಬರ್ ಪ್ಲೇಟನ್ನು ಮಾತ್ರ ಓದಿಯೂ ಓದಲಿಲ್ಲ. ವರ್ಷಗಟ್ಟಲೆ ಉಪ್ಪುಗಾಳಿ ಕುಡಿದ ಗಾಡಿ ಅದು. ನಮ್ಮ ತುಮಕೂರಿನ ಒಣ ಹವೆಗೆ ಬಂದಿತು ಅಂತ ಒಳಗೆ ಹಿಡಿದ ತುಕ್ಕು ಸುಮ್ಮನಾಗುತ್ತದೆಯೇ?

ಹೊರಗೆ ಕಾಣುತ್ತಿದ್ದದ್ದು ಸ್ವಲ್ಪವೇ. ಬಾಗಿಲುಗಳ ಕೆಳ ಅಂಚಿನಲ್ಲಿ ಕಂದು ಗೆರೆ, ಹಿಂದಿನ ಚಕ್ರದ ಮೇಲೆ ನಾಲ್ಕು ಗುಳ್ಳೆ, ಎಡಗಡೆ ರನ್ನಿಂಗ್ ಬೋರ್ಡಿನಲ್ಲಿ, ಅಂದರೆ ಬಾಗಿಲುಗಳ ಕೆಳಗೆ ಉದ್ದಕ್ಕೆ ಹೋಗುವ ಡಬ್ಬಿಯಂಥ ಭಾಗದಲ್ಲಿ, ಅಂಗೈ ಅಗಲ ಉಬ್ಬು. ಟಿಂಕರಿಂಗ್ ಮಾಡುವ ಭಾಯ್ ಒಬ್ಬರಿಗೆ ತೋರಿಸಿದೆ. ಅವರು ಸ್ಕ್ರೂಡ್ರೈವರ್ ಹಿಡಿಯಲ್ಲಿ ಎರಡು ಸಲ ತಟ್ಟಿ, "ಕಟ್ ಮಾಡಿ ಶೀಟ್ ಹಾಕ್ಬೇಕು ಸಾರ್, ಎಲ್ಲಾ ಸೇರಿ 32 ಸಾವಿರ ಆಗುತ್ತೆ" ಅಂದರು. ಗಾಡಿಗೆ ಕೊಟ್ಟಿದ್ದೇ 45 ಸಾವಿರ! ದುಡ್ಡು ಕೀಳುತ್ತಿದ್ದಾರೆ ಅಂತ ಮನಸ್ಸಿನಲ್ಲೇ ಬೈದುಕೊಂಡು ಬಂದೆ. ಆ ಎರಡು ಸಲ ತಟ್ಟಿದ ಸದ್ದಿನಲ್ಲಿ ಎಲ್ಲವೂ ಇತ್ತು ಅನ್ನುವುದು ಆಮೇಲೆ ಗೊತ್ತಾಯಿತು.

ಆಯುಧಪೂಜೆಗೆ ಮೂರು ವಾರ ಇತ್ತು. ಪೂಜೆ ಹೊತ್ತಿಗೆ ಗಾಡಿ ಮಿಂಚಬೇಕು ಅಂತ ಹಟ. ಇದು ಮೊದಲ ತಪ್ಪು. ನಮ್ಮ ಕಡೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ ಮಳೆ ಜಾಸ್ತಿ. ಕ್ಯಾತ್ಸಂದ್ರದ ಮನೆ ಮುಂದೆ ಶೀಟ್ ಹೊದಿಸಿದ ಶೆಡ್ ಇದೆ, ಮೂರು ಕಡೆ ಬಯಲು. ಅಲ್ಲೇ ಕೆಲಸ ಶುರು ಮಾಡಿದೆ.

ಬಾಡಿಗೆಗೆ ಗ್ರೈಂಡರ್ ತಂದು ತಂತಿ ಬ್ರಷ್ ಹಾಕಿ ಉಜ್ಜಿದೆ. ಹತ್ತು ನಿಮಿಷಕ್ಕೆ ಲೋಹ ಫಳಫಳ. ಇಲ್ಲೇ ಮೋಸ ಹೋದದ್ದು. ತಂತಿ ಬ್ರಷ್ ತುಕ್ಕಿನ ಮೇಲ್ಭಾಗವನ್ನು ತಿಕ್ಕಿ ಹೊಳಪು ಮಾಡುತ್ತದೆ ಅಷ್ಟೇ. ಚಿಕ್ಕ ಚಿಕ್ಕ ಗುಳಿಗಳ ತಳದಲ್ಲಿ ಕಪ್ಪು ಚುಕ್ಕೆಯ ಹಾಗೆ ತುಕ್ಕು ಕೂತೇ ಇರುತ್ತದೆ. ನಾನು ಅದನ್ನು ಕಬ್ಬಿಣದ ಬಣ್ಣವೇ ಅಂದುಕೊಂಡೆ. ಈ ಬ್ರಷ್ಷಿನ ತಂತಿಗಳು ಕಿತ್ತು ಹಾರುತ್ತವೆ ಅನ್ನುವುದೂ ಗೊತ್ತಿರಲಿಲ್ಲ. ಒಂದು ತಂತಿ ಬನಿಯನ್ ತೂರಿ ಹೊಟ್ಟೆಗೆ ಚುಚ್ಚಿಕೊಂಡಿತು. ಒಂದಡಿ ಮೇಲೆ ಬಂದಿದ್ದರೆ ಕಣ್ಣು. ನಾನು ಹಾಕಿದ್ದು ಬರೀ ಓದುವ ಕನ್ನಡಕ.

ಆ ರಾತ್ರಿ ಮಳೆ ಬಂತು. ಬೆಳಗ್ಗೆ ನೋಡಿದರೆ ಉಜ್ಜಿದ ಜಾಗಕ್ಕೆಲ್ಲ ಅರಿಶಿನ ಬಳಿದ ಹಾಗೆ ಹೊಸ ತುಕ್ಕು. ಬೆತ್ತಲೆ ಲೋಹವನ್ನು ಒಂದು ರಾತ್ರಿಯೂ ಬಿಡಬಾರದು, ಅದೇ ದಿನ ಪ್ರೈಮರ್, ಅಂದರೆ ಪೇಂಟಿಗೆ ಮುಂಚಿನ ಅಡಿ ಬಣ್ಣ, ಬೀಳಬೇಕು. ನಾನು ಬಟ್ಟೆಯಲ್ಲಿ ಒರೆಸಿ ಮುಂದೆ ಹೋದೆ.

ಹಾರ್ಡ್‌ವೇರ್ ಅಂಗಡಿಯವರು ಪ್ರೈಮರ್ ಅಂತ ಕೊಟ್ಟದ್ದು ರೆಡ್ ಆಕ್ಸೈಡ್. ಗೇಟಿಗೆ, ಕಿಟಕಿ ಸರಳಿಗೆ ಹೊಡೆಯುತ್ತೇವಲ್ಲ, ಅದೇ. ಅವರದೂ ತಪ್ಪಲ್ಲ, ಕಾರಿಗೆ ಅಂತ ನಾನು ಹೇಳಿರಲೇ ಇಲ್ಲ. ಅದರ ಮೇಲೆ ಎನ್‌ಸಿ (ನೈಟ್ರೊಸೆಲ್ಯುಲೋಸ್) ಪೇಂಟ್ ಹೊಡೆದಾಗ ಬಾನೆಟ್ಟಿನ ಒಂದು ಮೂಲೆ ಕಾಸಿದ ಹಾಲಿನ ಕೆನೆ ಥರ ಸುಕ್ಕುಗಟ್ಟಿತು. ಎನ್‌ಸಿ ಥಿನ್ನರ್ ಖಾರ, ಅಡಿಯ ರೆಡ್ ಆಕ್ಸೈಡನ್ನು ಕರಗಿಸಿ ಎಬ್ಬಿಸಿಬಿಡುತ್ತದೆ. ಇನ್ನೊಂದು ಕಡೆ ಮೀನಿನ ಕಣ್ಣಿನಂಥ ಗುಂಡಗಿನ ಗುಳಿಗಳು. ಅದು ವರ್ಷಗಟ್ಟಲೆ ಬಳಿದಿದ್ದ ಸಿಲಿಕಾನ್ ಪಾಲಿಶಿನ ಕೊಡುಗೆ. ಉಜ್ಜುವ ಮುಂಚೆಯೇ ಅದನ್ನು ಒರೆಸಿ ತೆಗೆಯಬೇಕಂತೆ. ಮಳೆ ಹವೆಯಲ್ಲಿ ಹೊಡೆದ ಕಡೆ ಬಣ್ಣ ಮಂಕಾಗಿ ಹಾಲು ಬಿಳುಪಿಗೆ ತಿರುಗಿತು. ಬಿಳಿ ಗಾಡಿ ಆದ್ದರಿಂದ ದೂರಕ್ಕೆ ಕಾಣಲಿಲ್ಲ. ಬೇರೆ ಬಣ್ಣ ಹೊಡೆಯುವ ಆಸೆ ಇತ್ತು, ಆದರೆ ಬಣ್ಣ ಬದಲಿಸಿದರೆ ಆರ್‌ಸಿಯಲ್ಲೂ ಬದಲಿಸಬೇಕು. ಆರ್‌ಟಿಒ ಓಡಾಟಕ್ಕೆ ಹೆದರಿ ಬಿಳಿಯಲ್ಲೇ ಉಳಿದೆ.

ಇನ್ನು ಪಟ್ಟಿ, ಅಂದರೆ ತೂತು, ತಗ್ಗು ತುಂಬಿ ಸಮ ಮಾಡುವ ಪುಟ್ಟಿ. ರನ್ನಿಂಗ್ ಬೋರ್ಡಿನ ಉಬ್ಬನ್ನು ಕೆರೆದಾಗ ಬೆರಳು ತೂರುವಷ್ಟು ತೂತು ಬಿತ್ತು. ನಾನು ಏನು ಮಾಡಿದೆ? ಹಿಂದೆ ಜಾಲರಿ ತುಂಡು ಇಟ್ಟು ಪಟ್ಟಿ ತುಂಬಿದೆ. ಒಂದು ಬೆರಳು ದಪ್ಪ. ನೀಟಾಗಿ ಬಂತು, ಹೆಂಡತಿಯನ್ನು ಕರೆದು ತೋರಿಸಿದೆ. "ಒಳಗಡೆ ಏನಿದೆ ರೀ?" ಅಂದಳು. ಗಾಳಿ ಅಂದೆ.

ಪಟ್ಟಿ ಕಲ್ಲಿನ ಹಾಗೆ ಗಟ್ಟಿ ಕಂಡರೂ ನೀರು ಹೀರುತ್ತದೆ. ಅದನ್ನು ಒಣದಾಗೇ ಉಜ್ಜಬೇಕು. ನಾನು ವಾಟರ್ ಪೇಪರ್ ಹಿಡಿದು ಬಕೆಟ್‌ಗಟ್ಟಲೆ ನೀರು ಹಾಕಿ ಉಜ್ಜಿದೆ. ಅದೂ ಬೋರ್ ನೀರು. ನಲ್ಲಿಯಲ್ಲಿ ಹೇಮಾವತಿ ನೀರು ಬಂದ ದಿನ ಅದನ್ನು ಕುಡಿಯೋದಕ್ಕೆ ಹಿಡಿದಿಡುತ್ತೇವೆ, ಕಾರು ತೊಳೆಯೋದಕ್ಕೆ ಬೋರ್ ತಾನೆ? ನಮ್ಮ ಬೋರ್ ನೀರು ಕಾಸಿದ ಪಾತ್ರೆ ತಳ ಹೇಗೆ ಬೆಳ್ಳಗಾಗುತ್ತದೆ ನೋಡಿದ್ದೀರಲ್ಲ, ಆ ಉಪ್ಪೆಲ್ಲ ಪೇಂಟಿನ ಅಡಿ ಸೇರಿತು. ಪೇಂಟಿನಡಿ ಉಪ್ಪು ಕೂತರೆ ಅದು ಹೊರಗಿನ ತೇವವನ್ನು ಒಳಗೆಳೆಯುತ್ತದೆ. ಪೇಂಟ್ ಗುಳ್ಳೆ ಏಳುತ್ತದೆ. ಸಂಕ್ರಾಂತಿ ಹೊತ್ತಿಗೆ ಬಾಗಿಲ ಕೆಳಗೆಲ್ಲ ಸಾಬಕ್ಕಿ ಸಂಡಿಗೆ.

ಇಷ್ಟರ ಮಧ್ಯೆ ನಿಜಕ್ಕೂ ಹೆದರಿಸಿದ್ದು ಕ್ಲಿಯರ್ ಕೋಟ್. ಪೇಂಟಿನ ಮೇಲೆ ಹೊಳಪಿಗೆ ಹಾಕುವ ಬಣ್ಣವಿಲ್ಲದ ಪದರ ಅದು, ಗಟ್ಟಿಯಾಗಿಸುವ ಹಾರ್ಡನರ್ ಬೆರೆಸಿ ಹೊಡೆಯುವಂಥದ್ದು. ಮೂಗಿಗೆ ಕರ್ಚೀಫ್ ಕಟ್ಟಿಕೊಂಡು ಹೊಡೆದೆ. ಧೂಳು ಕೂರಬಾರದು ಅಂತ ಶೆಡ್ಡಿಗೆ ಟಾರ್ಪಾಲಿನ್ ಬೇರೆ ಕಟ್ಟಿದ್ದೆ. ರಾತ್ರಿ ಎದೆ ಹಿಡಿದ ಹಾಗಾಯಿತು, ಉಸಿರು ಸೀಟಿ ಹೊಡೆಯಿತು. ಡಾಕ್ಟರ್ ಮೊದಲು ಕೇಳಿದ್ದೇ "ಏನು ಸ್ಪ್ರೇ ಮಾಡಿದ್ರಿ?" ಅಂತ. ಆ ಹಾರ್ಡನರ್‌ನಲ್ಲಿ ಐಸೊಸಯನೇಟ್ ಅನ್ನುವ ರಾಸಾಯನಿಕ ಇರುತ್ತದೆ. ವಾಸನೆಯಿಂದ ಅದನ್ನು ಪತ್ತೆ ಮಾಡೋದಕ್ಕೆ ಆಗುವುದಿಲ್ಲ. ಒಮ್ಮೆ ಮೈಗೆ ಒಗ್ಗದೆ ಹೋದರೆ ಆಮೇಲೆ ಚೂರು ತಗುಲಿದರೂ ಅಸ್ತಮಾ ಥರ ಕೆರಳಬಹುದು. ಕರ್ಚೀಫ್, ಕೊರೊನಾ ಕಾಲದ ಮಾಸ್ಕ್ ಯಾವುದೂ ಇದಕ್ಕೆ ತಡೆಯಲ್ಲ. ಸರಿಯಾದ ಪೇಂಟ್ ಬೂತಿನಲ್ಲಿ ಪೈಪಿನಿಂದ ಹೊರಗಿನ ಶುದ್ಧ ಗಾಳಿ ಬರುವ ಮುಖವಾಡ ಹಾಕುತ್ತಾರೆ. ಬೇರೆ ಏನು ಬೇಕಾದರೂ ಮನೆಯಲ್ಲಿ ಮಾಡಿ, ಇದೊಂದನ್ನು ಮಾಡಬೇಡಿ. ಪಕ್ಕದ ಮನೆ ಅಜ್ಜಿಗೆ ಮೊದಲೇ ದಮ್ಮು. ಆ ದಿನ ಅವರು ಮಗಳ ಮನೆಗೆ ಹೋಗಿದ್ದರು ಅನ್ನುವುದು ನನ್ನ ಪುಣ್ಯ.

ಆಯುಧಪೂಜೆ ಆಯಿತು. ಬೂದುಗುಂಬಳ ಒಡೆದೆ, ಫೋಟೊ ತೆಗೆದೆ, ಎಲ್ಲರೂ ಭೇಷ್ ಅಂದರು.

ಶಿವರಾತ್ರಿ ಮುಗಿದ ವಾರ ಬೆಂಗಳೂರಿನಿಂದ ವಾಪಸ್ ಬರುತ್ತಿದ್ದೆವು. ದಾಬಸ್‌ಪೇಟೆ ದಾಟಿದ ಮೇಲೆ ಎಡ ಹಿಂಚಕ್ರ ಪಂಕ್ಚರ್. ಹೆಂಡತಿ, ಮಗನನ್ನು ಇಳಿಸಿ ದೂರ ನಿಲ್ಲಿಸಿದೆ. ರನ್ನಿಂಗ್ ಬೋರ್ಡಿನ ಅಂಚಿಗೆ ಜಾಕ್ ಕೊಟ್ಟು ತಿರುಗಿಸಿದೆ. ಗಾಡಿ ಏಳಲಿಲ್ಲ, ಜಾಕೇ ಒಳಗೆ ಹೋಯಿತು. ಹಪ್ಪಳ ಮುರಿದ ಸದ್ದು. ನನ್ನ ಪಟ್ಟಿ ಒಂದೇ ತುಂಡಾಗಿ ಕಳಚಿ ರಸ್ತೆಗೆ ಬಿತ್ತು. ಚಕ್ರ ಇನ್ನೂ ಬಿಚ್ಚಿರಲಿಲ್ಲ, ಕೈ ಕೆಳಗಿರಲಿಲ್ಲ. ಗಾಡಿಯ ಬಲ ಇರುವುದೇ ಆ ಡಬ್ಬಿಯಂಥ ಭಾಗದಲ್ಲಿ. ಪಕ್ಕದಿಂದ ಯಾರಾದರೂ ಗುದ್ದಿದರೆ ತಡೆಯಬೇಕಾದದ್ದೂ ಅದೇ. ನಾನು ಅದನ್ನು ಪಟ್ಟಿಯಲ್ಲಿ ಕಟ್ಟಿ ನಾಲ್ಕು ತಿಂಗಳು ಹೆಂಡತಿ ಮಗನನ್ನು ಕೂರಿಸಿಕೊಂಡು ಓಡಾಡಿದ್ದೆ.

ಮತ್ತೆ ಅದೇ ಭಾಯ್ ಹತ್ತಿರ ಹೋದೆ. ಅವರು ನಗಲಿಲ್ಲ, ಅದೇ ಜಾಸ್ತಿ ನಾಚಿಕೆ ಆಯಿತು. ಬ್ಯಾಟರಿ ವೈರ್ ಬಿಚ್ಚಿಸಿ, ಸೀಟು ಮ್ಯಾಟ್ ತೆಗೆಸಿ, ಬೋರ್ಡನ್ನು ಉದ್ದಕ್ಕೆ ಕೊಯ್ದರು. ಒಳಗಿಂದ ಅರ್ಧ ಬಾಣಲಿ ಒದ್ದೆ ಮಣ್ಣು. ಅದರ ಹಿಂದೆ ಉಂಡೆ ಮಾಡಿ ತುರುಕಿದ ಹಳೇ ನ್ಯೂಸ್ ಪೇಪರ್, ಅದರ ಮೇಲೆ ಒಣಗಿದ ಪಟ್ಟಿ. ನನಗಿಂತ ಮುಂಚೆ ಯಾರೋ ಪುಣ್ಯಾತ್ಮ ಇದೇ ಕೆಲಸ ಮಾಡಿ ನನಗೆ ಮಾರಿದ್ದ!

ಈಗ ಅವರು ಮಾಡುತ್ತಿರುವ ಕ್ರಮ ಹೇಳುತ್ತೇನೆ. ಸ್ಕ್ರೂಡ್ರೈವರ್ ಒತ್ತಿ ಮೆತ್ತಗಿರುವ ಕಡೆಯೆಲ್ಲ ಗಟ್ಟಿ ಲೋಹ ಸಿಗುವ ತನಕ ಕೊಯ್ದು, ಹೊಸ ಶೀಟ್ ವೆಲ್ಡಿಂಗ್. ಅದೇ ದಿನ ಎಪಾಕ್ಸಿ ಪ್ರೈಮರ್. ಪಟ್ಟಿ ಅದರ ಮೇಲೆ, ತೆಳ್ಳಗೆ, ಎರಡು ಮೂರು ಮಿಲಿಮೀಟರ್ ಮೀರದ ಹಾಗೆ. ಕೊನೆಗೆ ಬೋರ್ಡಿನ ಒಳಗೆ ಮೇಣದಂಥ ಸ್ಪ್ರೇ. ಬಾಗಿಲ ಅಡಿಯಲ್ಲಿ ನೀರು ಇಳಿಯಲು ಕಂಪನಿಯವರೇ ಬಿಟ್ಟ ಸಣ್ಣ ತೂತುಗಳಿವೆ. ನಾನು ಅವನ್ನೂ ತುಕ್ಕಿನ ತೂತು ಅಂದುಕೊಂಡು ಪಟ್ಟಿ ಮೆತ್ತಿದ್ದೆ. ಅದಕ್ಕೇ ಬಾಗಿಲು ತೆಗೆದಾಗೆಲ್ಲ ಗುಳುಗುಳು ಅನ್ನುತ್ತಿತ್ತು. ಭಾಯ್ ಒಂದು ಮೊಳೆ ತಗೊಂಡು ಚುಚ್ಚಿದರು, ಕಾಲ ಮೇಲೆಲ್ಲ ಕೆಂಪು ನೀರು.

ನಾನು ಖರ್ಚು ಮಾಡಿದ್ದು 9,400, ಈಗ ಅವರದು 41 ಸಾವಿರ. ಮೊದಲು ಹೇಳಿದ್ದಕ್ಕಿಂತ ಜಾಸ್ತಿ ಯಾಕೆ ಅಂತ ಕೇಳಿದೆ. "ನೀವು ಹಾಕಿರೋದು ಕೀಳೋಕೇ ಎರಡು ದಿನ ಆಯ್ತಲ್ಲ ಸಾರ್" ಅಂದರು. ಎಡಗಡೆ ಮುಗಿದಿದೆ. ಬಲಗಡೆ ಮುಂದಿನ ವಾರ ಕೊಯ್ಯುತ್ತಾರೆ.