ನಾಯಿ ಕೂದಲು ತೆಗೆಯುವ ರೋಲರ್: ಎರಡು ವರ್ಷ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ: ಐದಕ್ಕೆ ಮೂರೂವರೆ. ಆದರೆ ಈ ಅಂಕ ಎಲ್ಲರ ಮನೆಗೂ ಹೊಂದುವುದಿಲ್ಲ. ನಿಮ್ಮ ಸೋಫಾಕ್ಕೆ ಯಾವ ಬಟ್ಟೆ ಹಾಕಿಸಿದ್ದೀರಿ ಅನ್ನುವುದನ್ನು ನೋಡಿಕೊಂಡು ಅದು ನಾಲ್ಕೂವರೆಯೂ ಆಗಬಹುದು, ಸೊನ್ನೆಯೂ ಆಗಬಹುದು. ಮಾರುವವರು ಈ ಒಂದು ಮಾತನ್ನು ಮಾತ್ರ ಹೇಳುವುದಿಲ್ಲ. ಅವರ ವಿಡಿಯೋದಲ್ಲಿ ಯಾವಾಗಲೂ ಅದೇ ಬೂದು ಬಣ್ಣದ ಸೋಫಾ, ಅದೇ ಬಿಳಿ ಕೂದಲು. ಎರಡು ಸಲ ಉಜ್ಜಿದರೆ ಎಲ್ಲ ಮಾಯ!

ನಮ್ಮ ಮನೆ ತುಮಕೂರಿನ ಕ್ಯಾತ್ಸಂದ್ರದಲ್ಲಿ. ಕರಿಯ ಅನ್ನುವ ಕಪ್ಪು ಲ್ಯಾಬ್ರಡಾರ್ ಸಾಕಿದ್ದೇವೆ. ಸೋಫಾ ಮರೂನ್ ಬಣ್ಣದ ವೆಲ್ವೆಟ್. ಕಪ್ಪು ಕೂದಲು ಮರೂನ್ ಮೇಲೆ ಕಣ್ಣಿಗೆ ಬೀಳುವುದೇ ಇಲ್ಲ. ಅದೇ ತೊಂದರೆ. ಕಂಡರೆ ಯಾರಾದರೂ ಒರೆಸುತ್ತಾರೆ. ಕಾಣದಿದ್ದರೆ ಬಂದವರು ಆರಾಮಾಗಿ ಕೂತು, ಏಳುವಾಗ ಅರ್ಧ ನಾಯಿಯನ್ನು ಬಟ್ಟೆಗೆ ಅಂಟಿಸಿಕೊಂಡು ಹೋಗುತ್ತಾರೆ. ನಮ್ಮ ಮಾವನವರು ಉಡುವುದು ಬಿಳಿ ಪಂಚೆ. "ನೋಡಮ್ಮ, ಈ ಪಂಚೆ ಉಟ್ಕೊಂಡು ಮಠಕ್ಕೆ ಹೋದ್ರೆ ಜನ ಏನಂತಾರೆ?" ಅಂತ ಅವರು ಬೆನ್ನು ತಿರುಗಿಸಿ ನಿಂತಾಗ, "ಒಂದ್ನಿಮಿಷ ಇರಿ ಮಾವ" ಅಂತ ಅಂಟು ಕಾಗದದ ರೋಲರ್ ಹುಡುಕುವುದೇ ನನ್ನ ಕೆಲಸವಾಗಿತ್ತು. ಪಂಚೆಯ ಬದಲು ಸೋಫಾವನ್ನೇ ಕ್ಲೀನ್ ಮಾಡೋಣ ಅಂತ ಈ ಇನ್ನೊಂದು ಬಗೆಯ ರೋಲರ್ ತರಿಸಿದೆ.

ಇದು ಅಮೆರಿಕದ ಚಾಮ್‌ಚಾಮ್ ರೋಲರ್ ಮಾದರಿಯದು. ನಾನು ತರಿಸಿದ್ದು ಅದಲ್ಲ, ಅದೇ ರೀತಿ ಮಾಡಿದ, ಹೆಸರು ನೆನಪಿಡುವಂಥದ್ದೇನೂ ಅಲ್ಲದ ಅಗ್ಗದ ಮಾಲು. 500 ರೂಪಾಯಿ ಒಳಗೇ ಸಿಕ್ಕಿತು. ಬ್ಯಾಟರಿ ಇಲ್ಲ, ಅಂಟು ಇಲ್ಲ, ಮತ್ತೆ ಮತ್ತೆ ಕೊಳ್ಳುವ ಕಾಗದವೂ ಇಲ್ಲ. ಕೆಳಗಡೆ ಉರುಳುವ ಭಾಗಕ್ಕೆ ಕೆಂಪು ಬಟ್ಟೆಯ ಎರಡು ಪಟ್ಟಿ ಅಂಟಿಸಿರುತ್ತಾರೆ. ಬಟ್ಟೆಯ ಮೇಲಿನ ಸಣ್ಣ ಎಳೆಗಳು ಒಂದೇ ಕಡೆಗೆ ವಾಲಿರುತ್ತವೆ, ಒಂದು ಪಟ್ಟಿಯಲ್ಲಿ ಆ ಕಡೆ, ಇನ್ನೊಂದರಲ್ಲಿ ಈ ಕಡೆ. ಪಕ್ಕದಲ್ಲಿ ರಬ್ಬರ್ ಅಂಚು ಇರುತ್ತದೆ. ಮುಂದೆ ತಳ್ಳಿದಾಗ ಒಂದು ಪಟ್ಟಿ ಕೂದಲನ್ನು ಹಿಡಿಯುತ್ತದೆ, ಹಿಂದೆ ಎಳೆದಾಗ ಉರುಳೆ ಅರ್ಧ ತಿರುಗಿ ಆ ಕೂದಲನ್ನು ಒಳಗಿನ ಡಬ್ಬಿಗೆ ಕೆರೆದು ಹಾಕುತ್ತದೆ, ಅಷ್ಟರಲ್ಲಿ ಇನ್ನೊಂದು ಪಟ್ಟಿ ಕೆಲಸಕ್ಕೆ ಬಂದಿರುತ್ತದೆ. ಹಿಡಿಯ ಹತ್ತಿರದ ಬಟನ್ ಒತ್ತಿದರೆ ಮೇಲಿನ ಮುಚ್ಚಳ ತೆರೆಯುತ್ತದೆ. ಒಳಗೆ ಉದ್ದಿನವಡೆ ಗಾತ್ರದ ಕೂದಲಿನ ಉಂಡೆ. ಮೊದಲ ಸಲ ಅದನ್ನು ನೋಡಿದ ಮಾವನವರು "ಇಷ್ಟು ದಿನ ಇದರ ಮೇಲೇ ಕೂತಿದ್ನಾ?" ಅಂದರು.

ಬಳಸುವ ಕ್ರಮದಲ್ಲೇ ಅರ್ಧ ಜನ ಸೋಲುತ್ತಾರೆ. ನಮ್ಮ ಮನೆಗೆ ಬಂದು ಇದನ್ನು ಕೈಗೆ ತಗೊಂಡವರೆಲ್ಲ ಗೋಡೆಗೆ ಪೇಂಟ್ ಹೊಡೆಯುವ ರೋಲರ್ ಅಂದುಕೊಂಡು ಉದ್ದಕ್ಕೆ ಒಂದೇ ಕಡೆ ಉರುಳಿಸುತ್ತಾರೆ. ಹಾಗೆ ಮಾಡಿದರೆ ಏನೂ ಬರುವುದಿಲ್ಲ. ಒಂದು ಗೇಣಿನಷ್ಟು ಜಾಗದಲ್ಲೇ ಬೇಗ ಬೇಗ ಮುಂದೆ ಹಿಂದೆ, ಮುಂದೆ ಹಿಂದೆ, ಸ್ವಲ್ಪ ಒತ್ತಿ ಉಜ್ಜಬೇಕು. ಪ್ರತಿ ಸಲ ದಿಕ್ಕು ಬದಲಾದಾಗ ಟಕ್ ಟಕ್ ಅಂತ ಸದ್ದು ಬರಬೇಕು. ಸದ್ದು ಬರದಿದ್ದರೆ ಉರುಳೆ ತಿರುಗಿಲ್ಲ ಅಂತ ಅರ್ಥ. ಈ ಸದ್ದಿಗೆ ಕರಿಯ ಮೊದಮೊದಲು ಬೊಗಳುತ್ತಿದ್ದ. ಈಗ ಬಂದು ಪಕ್ಕದಲ್ಲೇ ಕೂತು, ಕ್ಲೀನ್ ಆದ ಜಾಗಕ್ಕೆ ತಲೆ ಇಡುತ್ತಾನೆ. ಏನು ಹೇಳೋಣ!

ಇನ್ನು ಬಟ್ಟೆಯ ವಿಚಾರ. ವೆಲ್ವೆಟ್ ಮೇಲೆ ಇದರ ಕೆಲಸ ಅದ್ಭುತ. ಬಿಗಿಯಾಗಿ ಎಳೆದು ಹೊಲಿದ ಪಾಲಿಯೆಸ್ಟರ್ ಕುಶನ್ ಮೇಲೂ ಚೆನ್ನಾಗಿದೆ. ಕಾರಿನ ಹಿಂದಿನ ಸೀಟು ಬಟ್ಟೆಯದಾಗಿದ್ದರೆ ಅಲ್ಲೂ ಪರವಾಗಿಲ್ಲ, ಮೂಲೆಗೆ ಮಾತ್ರ ಹೋಗುವುದಿಲ್ಲ. ದಿವಾನ್ ಮೇಲಿನ ಕಾಟನ್ ಬೆಡ್‌ಶೀಟ್ ವಿಷಯಕ್ಕೆ ಬಂದರೆ ಕಷ್ಟ. ಶೀಟು ರೋಲರ್ ಜೊತೆಗೇ ಎದ್ದು ಬರುತ್ತದೆ. ಒಬ್ಬರು ಎರಡು ತುದಿ ಬಿಗಿಯಾಗಿ ಹಿಡಿದುಕೊಂಡರೆ, ಇನ್ನೊಬ್ಬರು ಉಜ್ಜಬಹುದು. ಅಷ್ಟು ಜನ ಸೇರುವುದಾದರೆ ಶೀಟನ್ನು ಹೊರಗೆ ತಗೊಂಡು ಹೋಗಿ ಒದರುವುದೇ ಬೇಗ ಆಗುತ್ತದೆ. ಜಮಖಾನದ ಒರಟು ನೇಯ್ಗೆಯಲ್ಲಿ ಕೂದಲು ಸೂಜಿಯಂತೆ ಇಳಿದಿರುತ್ತದೆ. ಲ್ಯಾಬ್‌ನ ಮೇಲ್ಕೂದಲು ಗಿಡ್ಡ, ಬಿರುಸು, ತುದಿ ಚೂಪು. ಅದನ್ನು ರೋಲರ್ ಮೇಲಿಂದ ಸವರಿಕೊಂಡು ಹೋಗುತ್ತದೆ ಅಷ್ಟೇ. ರೆಕ್ಸಿನ್, ಲೆದರ್, ಮರದ ಕುರ್ಚಿ ಇವುಗಳ ಮೇಲೆ ಸುಮ್ನೆ ಜಾರುತ್ತದೆ. ಮನೆಯಲ್ಲಿ ರೆಕ್ಸಿನ್ ಸೋಫಾ ಇದ್ದರೆ ದುಡ್ಡು ಹಾಕಲೇಬೇಡಿ, ಒದ್ದೆ ಬಟ್ಟೆ ಸಾಕು.

ನಾಯಿ ತರುವ ಯೋಚನೆ ಇದ್ದು, ಸೋಫಾ ಹೊಸ ಬಟ್ಟೆ ಹಾಕಿಸಲು ಕುಶನ್ ಅಂಗಡಿಗೆ ಹೋಗುವವರು ಅಲ್ಲೇ ಒಂದು ನಿಮಿಷ ಯೋಚಿಸಿ. ಸ್ಯಾಂಪಲ್ ಪುಸ್ತಕದಲ್ಲಿ ದಪ್ಪ ನೂಲಿನ, ಬಿಡಿ ನೇಯ್ಗೆಯ ಬಟ್ಟೆ ನೋಡಲು ಚೆಂದ. ಮುಂದೆ ಅದರಿಂದ ಒಂದೊಂದೇ ಕೂದಲು ಕೀಳುವವರು ನೀವೇ. ಯಾವ ರೋಲರ್ ಕೊಳ್ಳಬೇಕು ಅನ್ನುವುದಕ್ಕಿಂತ ಇದು ದೊಡ್ಡ ಪ್ರಶ್ನೆ ಅನ್ನುವುದು ನನ್ನ ಅಭಿಪ್ರಾಯ.

ಕಾಲಕ್ಕೆ ತಕ್ಕಂತೆ ಇದರ ಕೆಲಸವೂ ಬದಲಾಗುತ್ತದೆ. ಸಿದ್ಧಗಂಗೆ ಜಾತ್ರೆ ಶಿವರಾತ್ರಿಯ ಹೊತ್ತಿಗೆ ಬರುತ್ತದಲ್ವಾ, ಆಗ ನಮ್ಮ ಮನೆ ತುಂಬ ನೆಂಟರು. ಗಾಳಿ ಆಗಲೇ ಒಣಗಿರುತ್ತದೆ. ಒಣ ಗಾಳಿಯಲ್ಲಿ ಪಾಲಿಯೆಸ್ಟರ್‌ಗೆ ಏನಾದರೂ ಉಜ್ಜಿದರೆ ಹುಟ್ಟುವ ಸ್ಥಿರ ವಿದ್ಯುತ್ತು ಬೇಗ ಇಳಿದು ಹೋಗುವುದಿಲ್ಲ, ಕೂದಲು ಬಟ್ಟೆಗೆ ಕಚ್ಚಿಕೊಳ್ಳುತ್ತದೆ. ಕೈಯಿಂದ ಒದರಿದರೆ ಹಾರಿ ಮತ್ತೆ ಅಲ್ಲೇ ಕೂರುತ್ತದೆ. ಇಂಥ ದಿನಗಳಲ್ಲೇ ರೋಲರ್ ಚೆನ್ನಾಗಿ ಹಿಡಿಯುವುದು. ಮಳೆಗಾಲದಲ್ಲಿ ಉಲ್ಟಾ. ಕರಿಯ ನೆನೆದು ಬಂದು ಹತ್ತಿದ ಸೋಫಾ ತಂಪಾಗಿರುತ್ತದೆ, ಅದರ ಮೇಲೆ ಉಜ್ಜಿದರೆ ರೋಲರ್‌ನ ಬಟ್ಟೆಯೇ ಮುದ್ದೆಯಾಗುತ್ತದೆ. ಫ್ಯಾನ್ ಹಾಕಿ ಪೂರ್ತಿ ಒಣಗಿಸಿಯೇ ಶುರು ಮಾಡಬೇಕು.

ಕೂದಲು ಉದುರುವ ಸೀಸನ್ ಅಂತ ಇಂಗ್ಲಿಷ್ ವಿಡಿಯೋಗಳಲ್ಲಿ ಹೇಳುತ್ತಾರೆ, ವಸಂತದಲ್ಲಿ ಒಮ್ಮೆ, ಚಳಿಗಾಲಕ್ಕೆ ಮುಂಚೆ ಒಮ್ಮೆ. ಹಗಲು ಉದ್ದವಾಗುವುದು, ಗಿಡ್ಡವಾಗುವುದು ನಾಯಿಯ ಕೂದಲಿಗೆ ಸೂಚನೆ. ಲಂಡನ್‌ನಲ್ಲಿ ಬೇಸಿಗೆಯ ದೊಡ್ಡ ಹಗಲಿಗೂ ಚಳಿಗಾಲದ ಸಣ್ಣ ಹಗಲಿಗೂ 8 ಗಂಟೆಗಿಂತ ಹೆಚ್ಚು ಅಂತರ. ತುಮಕೂರಿನಲ್ಲಿ ಅದು ಒಂದೂವರೆ ಗಂಟೆಗಿಂತ ತುಸು ಜಾಸ್ತಿ ಅಷ್ಟೇ. ಮೇಲೆ ರಾತ್ರಿ ಹನ್ನೊಂದರವರೆಗೆ ಟ್ಯೂಬ್‌ಲೈಟ್. ಹಾಗಾಗಿ ನಮ್ಮ ಕರಿಯನಿಗೆ ಸೀಸನ್ ಅಂತ ಬೇರೆ ಇಲ್ಲ, ವರ್ಷಪೂರ್ತಿ ಉದುರಿಸುತ್ತಾನೆ.

ಬಾಳಿಕೆ ಹೇಗೆ? ಮೊದಲ ವರ್ಷ ಏನೂ ಆಗಲಿಲ್ಲ. ಆಮೇಲೆ ರಬ್ಬರ್ ಅಂಚು ಒಂದು ತುದಿಯಲ್ಲಿ ಕಿತ್ತು ಬಂತು. ಮಾರಿದವರಿಗೆ ಫೋಟೋ ಕಳಿಸಿದರೆ ರಿಟರ್ನ್ ಅವಧಿ ಮುಗಿದಿದೆ ಅಂತ ಉತ್ತರ. ಬಿಡಿ ಭಾಗ ಕೊಡಿ ಅಂದರೆ ಉತ್ತರವೇ ಇಲ್ಲ. ಫೆವಿಕ್ವಿಕ್ ಹಾಕಿ ಕೂರಿಸಿದ್ದೇವೆ, ನಿಂತಿದೆ. ಉರುಳೆಯ ಎರಡೂ ತುದಿಗೆ ಕೂದಲು ಸುತ್ತಿಕೊಳ್ಳುತ್ತದೆ, ಅದನ್ನು ಸೇಫ್ಟಿ ಪಿನ್ನಿನಿಂದ ಎಳೆದು ತೆಗೆಯುತ್ತಿರಬೇಕು. ಇಲ್ಲದಿದ್ದರೆ ತಿರುಗುವುದು ಬಿಗಿಯಾಗುತ್ತದೆ. ಕೆಂಪು ಪಟ್ಟಿ ಮಧ್ಯದಲ್ಲಿ ಸವೆದು ನುಣ್ಣಗಾಗಿದೆ, ಅಲ್ಲಿ ಹಿಡಿತ ಕಡಿಮೆ. ತೊಳೆಯಲು ಹೋಗಬೇಡಿ, ಪಟ್ಟಿಯ ಅಂಟು ಬಿಡುತ್ತದೆ. ನಮ್ಮ ಮನೆ 48ನೇ ರಾಷ್ಟ್ರೀಯ ಹೆದ್ದಾರಿಗೆ ಹತ್ತಿರ. ಆ ಧೂಳು ಪಟ್ಟಿಯ ಬುಡದಲ್ಲಿ ಸೇರಿಕೊಳ್ಳುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಒಣಗಿದ್ದಾಗಲೇ ಕೆರೆಯುತ್ತೇನೆ.

ಬೇರೆ ಸಾಮಾನುಗಳ ಜೊತೆ ಹೋಲಿಸಿ ಅಂದರೆ, ಅಂಟು ಕಾಗದದ ರೋಲರ್ ಮೈಮೇಲಿನ ಬಟ್ಟೆಗೆ ಈಗಲೂ ಬೇಕು. ಬಾಗಿಲ ಪಕ್ಕ ನೇತು ಹಾಕಿದ್ದೇವೆ. ಸೋಫಾಕ್ಕೆ ಅದು ದಂಡ, ಎರಡು ಎಳೆತಕ್ಕೆ ಹಾಳೆ ತುಂಬಿಹೋಗುತ್ತದೆ. ವ್ಯಾಕ್ಯೂಮ್ ಕ್ಲೀನರ್ ಕುಶನ್ ಒಳಗಿನ ಧೂಳು, ಸಂದಿಯಲ್ಲಿ ಬಿದ್ದ ಚುರುಮುರಿ ಎಲ್ಲ ಎಳೆಯುತ್ತದೆ, ರೋಲರ್ ಕೈಲಿ ಅದು ಆಗುವುದಿಲ್ಲ. ಆದರೆ ಬರೀ ಗಾಳಿ ಎಳೆಯುವ ಬಾಯಿಗೆ ವೆಲ್ವೆಟ್ ಕೂದಲನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ತಿರುಗುವ ಬ್ರಷ್ ಇರುವ ಬಾಯಿ ಬೇಕು, ಆ ಬ್ರಷ್ಷಿಗೆ ಸುತ್ತಿದ ಕೂದಲನ್ನು ಕತ್ತರಿಯಿಂದ ಕತ್ತರಿಸಿ ತೆಗೆಯುವುದು ಇನ್ನೊಂದು ಕೆಲಸ.

ಎಲ್ಲಕ್ಕಿಂತ ಅಗ್ಗದ್ದು ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್. ಹಾಕಿಕೊಂಡು, ಸ್ವಲ್ಪವೇ ಒದ್ದೆ ಮಾಡಿ, ಒಂದೇ ಕಡೆಗೆ ಎಳೆಯುತ್ತಾ ಬನ್ನಿ. ಕೂದಲು ಸುರುಳಿ ಸುತ್ತಿಕೊಂಡು ಬರುತ್ತದೆ. ರೋಲರ್ ಹೋಗದ ಸೋಫಾ ಕೈ, ಮೂಲೆ, ಹೊಲಿಗೆಯ ಗೆರೆ, ಎಲ್ಲಕ್ಕೂ ಇದೇ. ಜಮಖಾನಕ್ಕೆ ನೆಲ ಒರೆಸುವ ರಬ್ಬರ್ ವೈಪರ್ ಎಳೆದು ನೋಡಿ, ಎಷ್ಟು ಬರುತ್ತದೆ ಅಂತ ಬೆರಗಾಗುತ್ತೀರಿ. ಕವರ್‌ಗಳನ್ನು ವಾಷಿಂಗ್ ಮೆಷಿನ್‌ಗೆ ಹಾಕುವ ಮುಂಚೆ ಒಣಗಿದ್ದಾಗಲೇ ಕೂದಲು ತೆಗೆಯಿರಿ. ನೀರು ತಾಗಿದ ಮೇಲೆ ಅದು ಬಟ್ಟೆಗೂ ಡ್ರಮ್ಮಿಗೂ ಮೆತ್ತಿಕೊಳ್ಳುತ್ತದೆ, ಕೊನೆಗೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ.

ರೋಲರ್‌ನ ಡಬ್ಬಿ ಬೇಗ ತುಂಬುವುದು ನಿಜವಾಗಿ ಕಡಿಮೆಯಾಗಿದ್ದು ನಾಯಿಯನ್ನೇ ಬಾಚಲು ಶುರು ಮಾಡಿದಾಗ. ಲ್ಯಾಬ್‌ಗೆ ಎರಡು ಪದರ, ಮೇಲೆ ಬಿರುಸು ಕೂದಲು, ಒಳಗೆ ಮೆತ್ತನೆಯ ದಟ್ಟ ಕೂದಲು. ಒಳಪದರ ಬಾಚುವ ಅಗಲ ಹಲ್ಲಿನ ಬಾಚಣಿಗೆ ಸಿಗುತ್ತದೆ. ಕಾಂಪೌಂಡಿನ ಹತ್ತಿರ ಕೂರಿಸಿ ಬಾಚಿದರೆ ಸೋಫಾಕ್ಕೆ ಬರಬೇಕಾದದ್ದು ಅಲ್ಲೇ ಬೀಳುತ್ತದೆ. ಬೇಸಿಗೆ ಬಂತು, ಪೂರ್ತಿ ಬೋಳಿಸಿಬಿಡಿ ಅಂತ ಹೇಳುವವರಿದ್ದಾರೆ. ಬೇಡ. ಆ ಪದರವೇ ಬಿಸಿಲಿನಿಂದ ಚರ್ಮವನ್ನು ಕಾಯುವುದು. ಬಾಚಿದ ಕೂದಲನ್ನು ಹಕ್ಕಿ ಗೂಡಿಗಾಗಲಿ ಅಂತ ಗಿಡದ ಮೇಲೆ ಬಿಡುವುದೂ ಬೇಡ. ಉಣ್ಣಿಗೆ ಹಾಕಿದ ಔಷಧ ಕೂದಲಿನಲ್ಲಿ ಉಳಿದಿರುತ್ತದೆ, ಮರಿಗಳಿಗೆ ಒಳ್ಳೆಯದಲ್ಲ.

ಮನೆಯಲ್ಲಿ ಅಲರ್ಜಿ ಇರುವವರು ಇದ್ದರೆ ಈ ರೋಲರ್ ಮೇಲೆ ಭಾರ ಹಾಕಬೇಡಿ. ನಮ್ಮ ಮೈದುನ ಬಂದರೆ ಸೋಫಾ ಎಷ್ಟೇ ಕ್ಲೀನ್ ಇದ್ದರೂ ಸೀನುತ್ತಾನೆ. ಅಲರ್ಜಿ ತರುವುದು ಕೂದಲಲ್ಲ, ನಾಯಿಯ ಎಂಜಲು ಮತ್ತು ಚರ್ಮದ ಹೊಟ್ಟಿನಲ್ಲಿರುವ ಪ್ರೋಟೀನು. ಕೂದಲು ಹೋದರೂ ಅದು ಬಟ್ಟೆಯಲ್ಲಿ ಉಳಿದಿರುತ್ತದೆ. ಅದಕ್ಕೆ ಒಳ್ಳೆಯ ಫಿಲ್ಟರ್ ಇರುವ ವ್ಯಾಕ್ಯೂಮ್, ಕವರ್ ಒಗೆಯುವುದು, ಮಲಗುವ ಕೋಣೆಗೆ ನಾಯಿಯನ್ನು ಬಿಡದಿರುವುದು, ಇವೇ ದಾರಿ.

ಇದು ಪೂರ್ತಿ ಕೆಟ್ಟರೆ ಇನ್ನೊಂದು ಕೊಳ್ಳುತ್ತೇನಾ? ಕೊಳ್ಳುತ್ತೇನೆ, ವೆಲ್ವೆಟ್ ಸೋಫಾ ಇರುವವರೆಗೆ. ಆದರೆ ಈ ಸಲ ಇನ್ನಷ್ಟು ದುಡ್ಡು ಹಾಕಿ, ಗ್ಯಾರಂಟಿ ಬರೆದುಕೊಡುವವರಿಂದ. ನೀವು ಅಗ್ಗದ್ದೇ ತಗೊಳ್ಳುವುದಾದರೆ ಪಾರ್ಸಲ್ ಬಿಚ್ಚಿದ ದಿನವೇ ಮೂರು ನೋಡಿ: ರಬ್ಬರ್ ಅಂಚು ಎರಡೂ ತುದಿಯಲ್ಲಿ ಕೂತಿದೆಯೇ, ಮುಚ್ಚಳ ತಾನಾಗಿ ತೆರೆಯುವುದಿಲ್ಲವೇ, ಉಜ್ಜಿದಾಗ ಟಕ್ ಅನ್ನುತ್ತದೆಯೇ. ಒಂದಾದರೂ ಇಲ್ಲ ಅಂದರೆ ರಿಟರ್ನ್ ಅವಧಿಯೊಳಗೇ ವಾಪಸ್ ಕಳಿಸಿ.