ಎರಡು ಕೊಲೆ ಪ್ರಕರಣ, ಎರಡು ಸಾಕ್ಷ್ಯಚಿತ್ರ ಸರಣಿ: ಯಾವುದನ್ನು ಮೊದಲು ನೋಡಬೇಕು?

ಶಿವಮೊಗ್ಗದ ಕಾನೂನು ವಿದ್ಯಾರ್ಥಿಗಳು ಈ ಮಳೆಗಾಲದಲ್ಲಿ ಒಂದೇ ಸರಣಿಗೆ ಬಿಡುವು ಮಾಡಿಕೊಳ್ಳುವುದಾದರೆ, ‘ಮೇಕಿಂಗ್ ಎ ಮರ್ಡರರ್’ (2015) ಮತ್ತು ‘ದಿ ಸ್ಟೇರ್‌ಕೇಸ್’ (2004) ಎಂಬ ಎರಡರಲ್ಲಿ ನಾನು ಮೊದಲನೆಯದನ್ನೇ ಸೂಚಿಸುತ್ತೇನೆ.

ಅದರ ಕೇಂದ್ರದಲ್ಲಿರುವ ಸ್ಟೀವನ್ ಏವರಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ವಾಹನಗಳ ಗುಜರಿ ನಡೆಸುತ್ತಿದ್ದ ಕುಟುಂಬದವನು. ತಾನು ಮಾಡದ ಅಪರಾಧಕ್ಕೆ 18 ವರ್ಷ ಸೆರೆಯಲ್ಲಿದ್ದು, ಡಿಎನ್‌ಎ ಪರೀಕ್ಷೆಯ ಬಲದಿಂದ 2003ರಲ್ಲಿ ಬಿಡುಗಡೆಯಾದ ಅವನು, ಪರಿಹಾರ ಕೋರಿ ಹೂಡಿದ ದಾವೆ ನಡೆಯುತ್ತಿರುವಾಗಲೇ 2005ರಲ್ಲಿ ಕೊಲೆ ಆರೋಪಕ್ಕೆ ಗುರಿಯಾಗಿ, 2007ರಲ್ಲಿ ಅಪರಾಧಿಯೆಂದು ತೀರ್ಮಾನಿಸಲ್ಪಟ್ಟನು. ಅವನ 16 ವರ್ಷದ ಸೋದರಳಿಯನನ್ನು ವಕೀಲರಾಗಲಿ ಹೆತ್ತವರಾಗಲಿ ಜೊತೆಗಿಲ್ಲದೆ ಪೊಲೀಸರು ವಿಚಾರಿಸುವ ದೃಶ್ಯಗಳೇ ಈ ಸರಣಿಯ ತಿರುಳು. ಊರಿನವರು ಆ ಮನೆತನವನ್ನು ಮೊದಲಿನಿಂದಲೂ ಕೀಳಾಗಿ ಕಂಡ ಬಗೆ, ಗೇಣಿದಾರರು ಭೂಮಾಲೀಕರ ವಿರುದ್ಧ ನಡೆಸಿದ 1951ರ ಕಾಗೋಡು ಸತ್ಯಾಗ್ರಹವನ್ನು ಬಲ್ಲ ಸಾಗರದ ಕಡೆಯವರಿಗೆ ವಿವರಣೆಯಿಲ್ಲದೆಯೇ ಅರ್ಥವಾದೀತು. ಆದರೆ ಪ್ರಾಸಿಕ್ಯೂಷನ್ ಮುಂದಿಟ್ಟ ಕೆಲವು ಸಾಕ್ಷ್ಯಗಳನ್ನು ಸರಣಿ ಕೈಬಿಟ್ಟಿದೆ. ಇದು ಸಣ್ಣ ದೋಷವಲ್ಲ.

‘ದಿ ಸ್ಟೇರ್‌ಕೇಸ್’ನ ಆರೋಪಿ ಕಾದಂಬರಿಕಾರ ಮೈಕೆಲ್ ಪೀಟರ್ಸನ್ ಅನುಕೂಲಸ್ಥರು; ಸಮರ್ಥ ವಕೀಲರ ಚರ್ಚೆಯೊಳಕ್ಕೇ ಕ್ಯಾಮೆರಾ ಹೋಗುತ್ತದೆ. 2003ರಲ್ಲಿ ಪತ್ನಿಯ ಕೊಲೆಗಾಗಿ ಅವರಿಗೆ ಶಿಕ್ಷೆಯಾಯಿತು. ವಿಧಿವಿಜ್ಞಾನ ತಜ್ಞರೊಬ್ಬರ ಸಾಕ್ಷ್ಯ ದಾರಿ ತಪ್ಪಿಸುವಂತಿತ್ತೆಂಬ ಕಾರಣಕ್ಕೆ ಮರುವಿಚಾರಣೆಗೆ ಆದೇಶವಾಗಿ, 2017ರಲ್ಲಿ ಅವರು ತಪ್ಪೊಪ್ಪದೆಯೇ ಕಡಿಮೆ ತೀವ್ರತೆಯ ಆರೋಪದ ತೀರ್ಪನ್ನು ಸ್ವೀಕರಿಸಿದರು. ಪ್ರತಿವಾದದ ತಯಾರಿಯನ್ನು ಕಲಿಯಬಯಸುವವರು ಇದನ್ನೇ ಆರಿಸಿಕೊಳ್ಳಬಹುದು.