ಸೀಸದ ಪೈಪನ್ನು ಅರ್ಧಕ್ಕೆ ಕತ್ತರಿಸಿ ಹೊಸದಕ್ಕೆ ಜೋಡಿಸಬೇಡಿ

ತುಮಕೂರಿನ ಹಳೇ ಪೇಟೆ ಕಡೆ ಮನೆ ಇರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಹೆಂಚಿನ ಮನೆ, ತಾತನ ಕಾಲದ ನಲ್ಲಿ, ಅಂಗಳದ ಗುಂಡಿಗೆ ಇಳಿದು ಬಿಂದಿಗೆ ಹಿಡಿಯುವಂಥ ಮನೆ ನಿಮ್ಮದಾದರೆ ಇನ್ನೂ ಮುಖ್ಯ.

ನಮ್ಮದು ಅಂಥದ್ದೇ ಮನೆ. ಹೋದ ವರ್ಷ ಬೇಸಿಗೆಗೆ ಮುಂಚೆ ನಲ್ಲಿಯಲ್ಲಿ ನೀರು ತೀರಾ ಸಣ್ಣಗಾಯಿತು. ಪಕ್ಕದ ಮನೆಯಲ್ಲಿ ಬಿಂದಿಗೆ ತುಂಬುವಷ್ಟು ಹೊತ್ತಿಗೆ ನಮ್ಮಲ್ಲಿ ಎರಡು ಚೊಂಬು. ಬಾಣಂತನಕ್ಕೆ ಬಂದಿದ್ದ ತಂಗಿ ಇನ್ನೂ ನಮ್ಮಲ್ಲೇ ಇದ್ದಳು, ಪಾಪುವಿಗೆ ಏಳು ತಿಂಗಳು. ಪೈಪು ಬದಲಾಯಿಸಿಬಿಡೋಣ ಎಂದು ಒಬ್ಬ ಪ್ಲಂಬರನ್ನು ಕರೆಸಿದೆ.

ಅಂಗಳ ಅಗೆದಾಗ ಸಿಕ್ಕಿದ್ದು ಬೂದು ಬಣ್ಣದ ಪೈಪು. ಅಷ್ಟು ವರ್ಷ ಮಣ್ಣಲ್ಲಿದ್ದರೂ ತುಕ್ಕಿಲ್ಲ. ಬೆಸುಗೆ ಹಾಕಿದ ಜಾಗ ಈರುಳ್ಳಿ ಗೆಡ್ಡೆಯ ಹಾಗೆ ಉಬ್ಬಿತ್ತು. 'ಇದು ಸೀಸ ಸಾರ್, ಮೆತ್ತಗಿದೆ, ಬೇಗ ಕಟ್ ಆಗುತ್ತೆ' ಎಂದರು ಪ್ಲಂಬರ್. ಸೀಸ ಅನ್ನುವ ಮಾತು ನನ್ನ ಕಿವಿಗೆ ಬಿತ್ತು. ಆದರೆ ಅದು ಮೈಗೆ ವಿಷ ಅನ್ನುವುದು ತಲೆಗೆ ಹೋಗಲಿಲ್ಲ. ಇವತ್ತಿಗೂ ನನ್ನನ್ನು ಚುಚ್ಚುವುದು ಅದೇ.

ಕಾಂಪೌಂಡಿನಿಂದ ಆಚೆ ರಸ್ತೆವರೆಗೂ ಅದೇ ಪೈಪಿತ್ತು. ಅದನ್ನೂ ತೆಗೆಯೋಣವಾ ಎಂದು ಕೇಳಿದೆ. 'ಆ ಕಡೇದು ಗಟ್ಟಿಯಾಗೇ ಇದೆ ಸಾರ್. ತೆಗೀಬೇಕು ಅಂದ್ರೆ ರಸ್ತೆ ಅಗೀಬೇಕು, ಪರ್ಮಿಷನ್ ತಗೋಬೇಕು. ಸುಮ್ನೆ ಯಾಕೆ ದುಡ್ಡು ಹಾಳು ಮಾಡ್ತೀರಿ?' ಎಂದರು. ನಾನೂ ಒಪ್ಪಿಬಿಟ್ಟೆ. ಆಕ್ಸಾ ಬ್ಲೇಡಿನಲ್ಲಿ ಸೀಸದ ಪೈಪನ್ನು ಕೊಯ್ದು, ಹಿತ್ತಾಳೆಯ ಜಾಯಿಂಟ್ ಹಾಕಿ, ಹೊಸ ಪ್ಲಾಸ್ಟಿಕ್ ಪೈಪು ಜೋಡಿಸಿದರು. ಕೊಯ್ದ ಪುಡಿ ಒಂದಿಷ್ಟು ಪೈಪಿನೊಳಗೆ ಬಿತ್ತು, ಒಂದಿಷ್ಟು ತುಳಸಿಕಟ್ಟೆಯ ಪಕ್ಕ. ಪಾಪು ಆಗ ತಾನೇ ಅಂಬೆಗಾಲಿಡುತ್ತಿದ್ದ ಜಾಗ ಅದು. ತೆಗೆದ ಸೀಸವನ್ನು ಅವರೇ ಗುಜರಿಗೆ ಹಾಕಲು ಚೀಲದಲ್ಲಿ ತುಂಬಿಕೊಂಡು ಹೋದರು.

ನೀರೇನೋ ಧೋ ಎಂದು ಬಂತು. ಅಮ್ಮನಿಗೆ ಖುಷಿ. ಒಂದು ವಾರಕ್ಕೆ ಅಡುಗೆಮನೆ ನಲ್ಲಿಯ ಬಾಯಿ ಕಟ್ಟಿಕೊಂಡಿತು. ತುದಿಯ ಜಾಲರಿ ಬಿಚ್ಚಿದರೆ ರಾಗಿಕಾಳಿನಷ್ಟು ಸಣ್ಣ ಬೂದು ಚೂರುಗಳು. ಮರಳು ಅಂದುಕೊಂಡೆ. ಉಗುರಿನಲ್ಲಿ ಒತ್ತಿದರೆ ಮರಳು ಚಪ್ಪಟೆ ಆಗುತ್ತಾ? ಇದು ಆಯಿತು. ಒತ್ತಿದ ಕಡೆ ಬೆಳ್ಳಿಯ ಹಾಗೆ ಹೊಳೆಯಿತು.

ನಮ್ಮ ಬೀದಿಯಲ್ಲಿ ನಿವೃತ್ತ ಕೆಮಿಸ್ಟ್ರಿ ಮೇಷ್ಟ್ರು ಒಬ್ಬರಿದ್ದಾರೆ. ಅವರಿಗೆ ತೋರಿಸಿದೆ. 'ಇದು ಸೀಸ ಕಣಯ್ಯಾ. ಮೊದಲು ಮಗುವಿಗೆ ಈ ನೀರು ಕೊಡೋದು ನಿಲ್ಲಿಸು' ಎಂದರು.

ಅವರು ಕೂತು ವಿವರಿಸಿದ್ದು ಇಷ್ಟು. ಹಳೇ ಸೀಸದ ಪೈಪಿನ ಒಳಗೆ ವರ್ಷಗಟ್ಟಲೆ ಒಂದು ಪದರ ಕಟ್ಟಿಕೊಂಡಿರುತ್ತದೆ. ಸೀಸ ನೀರಿಗೆ ಇಳಿಯುವುದನ್ನು ಅದು ಸ್ವಲ್ಪ ಮಟ್ಟಿಗೆ ತಡೆಯುತ್ತದೆ. ಕೊಯ್ದು ಅಲುಗಾಡಿಸಿದರೆ ಆ ಪದರ ಬಿರಿದು ನೀರಿನ ಜೊತೆ ಬರುತ್ತದೆ. ಸಾಲದ್ದಕ್ಕೆ ಸೀಸಕ್ಕೆ ಹಿತ್ತಾಳೆ ತಾಗಿದ ಕಡೆ ಸೀಸ ಬೇಗ ಸವೆಯುತ್ತದೆ. ಹಾಗಾಗಿ ಅರ್ಧ ಪೈಪು ಬದಲಾಯಿಸಿದ ಮೇಲೆ ಎಷ್ಟೋ ವಾರ ನೀರಿನಲ್ಲಿ ಸೀಸ ಮುಂಚಿಗಿಂತ ಜಾಸ್ತಿಯೇ ಇರಬಹುದು. ಅಮೆರಿಕದ ವಾಷಿಂಗ್ಟನ್ ನಗರದಲ್ಲಿ 2000ದ ದಶಕದಲ್ಲಿ ಸಾವಿರಾರು ಮನೆಗಳಿಗೆ ಹೀಗೆ ಅರ್ಧರ್ಧ ಬದಲಾಯಿಸಿ, ಅದರಿಂದ ಉಪಯೋಗವಾಗಲಿಲ್ಲ ಎಂದು ಆಮೇಲೆ ಗೊತ್ತಾಯಿತು. ನಾವು ದುಡ್ಡು ಕೊಟ್ಟು ಮಾಡಿಸಿಕೊಂಡಿದ್ದೂ ಅದನ್ನೇ.

ಅಮ್ಮ ಪಾಪುವಿನ ರಾಗಿ ಸರಿಗೆ ನೀರನ್ನು ಕುದಿಸಿ ಕುದಿಸಿ ಇಡುತ್ತಿದ್ದರು. ಹತ್ತು ನಿಮಿಷ ಸಾಲದು ಎಂದು ಇನ್ನೂ ಹತ್ತು ನಿಮಿಷ. ಕುದಿಸಿದರೆ ಕ್ರಿಮಿ ಸಾಯುತ್ತದೆ, ಸೀಸ ಹೋಗುವುದಿಲ್ಲ. ನೀರು ಆವಿಯಾಗಿ ಕಮ್ಮಿಯಾದಷ್ಟೂ ಉಳಿದ ನೀರಿನಲ್ಲಿ ಸೀಸದ ಪ್ರಮಾಣ ಹೆಚ್ಚುತ್ತದೆ. ಇದನ್ನು ಅಮ್ಮನಿಗೆ ಹೇಳುವುದು ನನಗೆ ತುಂಬಾ ಕಷ್ಟವಾಯಿತು.

ಇನ್ನೊಂದು ತಪ್ಪೂ ನಡೆಯುತ್ತಿತ್ತು. ನಮ್ಮ ಬೀದಿಗೆ ನೀರು ಬರುವುದು ದಿನ ಬಿಟ್ಟು ದಿನ. ಬೇಗ ನಿಂತುಬಿಟ್ಟರೆ ಎಂಬ ಭಯಕ್ಕೆ ನಲ್ಲಿ ಬಿಟ್ಟ ತಕ್ಷಣ ಮೊದಲು ಕುಡಿಯುವ ನೀರು ಹಿಡಿಯುವುದು ನಮ್ಮ ಮನೆಯ ಅಭ್ಯಾಸ. ಎರಡು ದಿನ ಪೈಪಿನಲ್ಲೇ ನಿಂತಿದ್ದ ಆ ಮೊದಲ ನೀರಿನಲ್ಲೇ ಸೀಸ ಹೆಚ್ಚು. ಅದನ್ನು ಗಿಡಕ್ಕೋ ಬಚ್ಚಲಿಗೋ ಬಿಟ್ಟು, ಆಮೇಲೆ ಬಿಂದಿಗೆ ಇಡಬೇಕಿತ್ತು.

ನೀರಿನ ಪರೀಕ್ಷೆಗೆ ಕೊಡುವಾಗಲೂ ಎಚ್ಚರವಿರಲಿ. ಪಾವಗಡದ ಕಡೆ ನೀರಿನಲ್ಲಿ ಫ್ಲೋರೈಡ್ ಜಾಸ್ತಿಯಿರುವ ಕತೆ ನಮ್ಮ ಜಿಲ್ಲೆಯಲ್ಲಿ ಎಲ್ಲರಿಗೂ ಗೊತ್ತು. ಹಾಗಾಗಿ ಫ್ಲೋರೈಡ್, ಗಡಸುತನ, ಟಿಡಿಎಸ್ (ನೀರಿನಲ್ಲಿ ಕರಗಿರುವ ಲವಣಗಳ ಒಟ್ಟು ಪ್ರಮಾಣ) ನೋಡಿಸಿ ಸುಮ್ಮನಾಗುತ್ತೇವೆ. ಟಿಡಿಎಸ್ ಮೀಟರಿನಲ್ಲಿ ಸೀಸ ಗೊತ್ತಾಗುವುದೇ ಇಲ್ಲ. ಸೀಸದ ಪರೀಕ್ಷೆಯೇ ಬೇಕು ಎಂದು ಬಾಯಿಬಿಟ್ಟು ಕೇಳಿ. ನಾನು ಎರಡು ಬಾಟಲಿ ಕೊಟ್ಟೆ: ಮೊದಲು ಬಂದ ನೀರು ಒಂದು, ಹತ್ತು ನಿಮಿಷ ಬಿಟ್ಟ ಮೇಲಿನ ನೀರು ಒಂದು. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡದಲ್ಲಿ ಸೀಸದ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ನಮ್ಮ ಮೊದಲ ಬಾಟಲಿಯಲ್ಲಿ 0.04 ಇತ್ತು. ಎರಡನೆಯದು ಮಿತಿಯೊಳಗಿತ್ತು. ಬುಗುಡನಹಳ್ಳಿ ಕೆರೆಯಿಂದ ಬರುವ ಹೇಮಾವತಿ ನೀರಿನದಲ್ಲ ತಪ್ಪು, ನಮ್ಮ ಪೈಪಿನದೇ.

ಪಾಪುವಿನ ರಕ್ತ ಪರೀಕ್ಷೆ ಮಾಡಿಸಿದೆವು. ಸೀಸ ಇತ್ತು. ತೀರಾ ಗಾಬರಿಯಾಗುವಷ್ಟಲ್ಲ ಎಂದರು ಮಕ್ಕಳ ಡಾಕ್ಟರು. ಆದರೆ ಇಷ್ಟು ಸೀಸ ಇದ್ದರೆ ಪರವಾಗಿಲ್ಲ ಎನ್ನುವ ಮಟ್ಟವೇ ಮಕ್ಕಳಿಗೆ ಇಲ್ಲ, ಅದು ಹೊಡೆಯುವುದು ಬೆಳೆಯುವ ಮೆದುಳಿಗೆ ಎಂದೂ ಹೇಳಿದರು. ಕಬ್ಬಿಣದ ಅಂಶ ಕಮ್ಮಿಯಿರುವ ಮಕ್ಕಳ ಮೈ ಸೀಸವನ್ನು ಜಾಸ್ತಿ ಹೀರಿಕೊಳ್ಳುತ್ತದಂತೆ, ಅದಕ್ಕೂ ಔಷಧಿ ಕೊಟ್ಟರು. ತಂಗಿ ಆ ರಾತ್ರಿ ಊಟ ಮಾಡಲಿಲ್ಲ. ಮೂರು ತಿಂಗಳ ಮೇಲೆ ಮತ್ತೆ ನೋಡಿಸಿದಾಗ ಇಳಿದಿತ್ತು.

ಅಷ್ಟರಲ್ಲಿ ಅರ್ಜಿ ಕೊಟ್ಟು, ರಸ್ತೆ ಅಗೆಯುವ ಶುಲ್ಕ ಕಟ್ಟಿ, ಬೀದಿಯ ದೊಡ್ಡ ಪೈಪಿನಿಂದ ಮನೆಯವರೆಗೆ ಪೂರ್ತಿ ಹೊಸದು ಹಾಕಿಸಿದೆ. ನಡುವೆ ಜಾಯಿಂಟ್ ಇಲ್ಲದ, ಕಪ್ಪು ಪ್ಲಾಸ್ಟಿಕ್ಕಿನ ಎಚ್‌ಡಿಪಿಇ ಪೈಪು. ಮನೆಯೊಳಗಿನ ಹಳೇ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪನ್ನೂ ತೆಗೆಸಿದೆ. ಅದರ ತುಕ್ಕಿನಲ್ಲಿ ಸೀಸ ಹಿಡಿದುಕೊಂಡಿದ್ದು ಆಮೇಲೂ ನಿಧಾನವಾಗಿ ಬಿಡುತ್ತಿರುತ್ತದೆ. ನಲ್ಲಿಗಳ ಜಾಲರಿ ಬಿಚ್ಚಿಟ್ಟು ಅರ್ಧ ಗಂಟೆ ನೀರು ಹರಿಸಿದೆವು. ತುಳಸಿಕಟ್ಟೆ ಸುತ್ತಲಿನ ಮೇಲ್ಮಣ್ಣನ್ನು ಒದ್ದೆ ಮಾಡಿ ಕೆರೆದು ತೆಗೆಸಿದೆ. ಪಿವಿಸಿ ಹಾಕಿಸುವವರು ಐಎಸ್‌ಐ ಗುರುತು ನೋಡಿ, ಸೀಸ ಇಲ್ಲದ್ದೇ ಕೊಡಿ ಎಂದು ಕೇಳಿ. ಪಿವಿಸಿ ಪೈಪು ತಯಾರಿಸುವಾಗಲೂ ಸೀಸ ಬೆರೆಸುತ್ತಿದ್ದರು, ಅದನ್ನು ನಿಲ್ಲಿಸಲು ಕೇಂದ್ರ ಸರ್ಕಾರ 2021ರಲ್ಲಿ ನಿಯಮ ತಂದಿದೆ.

ನಿಮ್ಮ ಮನೆಯದು ಸೀಸವಾ ಎಂದು ನೋಡುವುದು ಸುಲಭ. ಪೈಪು ಗೋಡೆಯೊಳಗೆ ಬರುವ ಕಡೆ ಮಣ್ಣು ಒರೆಸಿ, ನಾಣ್ಯದಿಂದ ಮೆಲ್ಲಗೆ ಗೀರಿ. ಬೆಳ್ಳಿ ಬಣ್ಣ ಹೊಳೆದು, ಮ್ಯಾಗ್ನೆಟ್ ಅಂಟದಿದ್ದರೆ ಅದು ಸೀಸ ಇರಬಹುದು. ಗೀರಿದ ಮೇಲೆ ಕೈ ತೊಳೆಯಿರಿ. ಪೈಪು ಪೂರ್ತಿ ಬದಲಾಗುವವರೆಗೆ ಮಕ್ಕಳಿಗೆ, ಬಸುರಿಯರಿಗೆ ಆರ್‌ಒ ನೀರೋ ಕ್ಯಾನ್ ನೀರೋ ಕೊಡಿ. ಬರೀ ಯುವಿ ಫಿಲ್ಟರಿನಿಂದ ಸೀಸ ಹೋಗುವುದಿಲ್ಲ.

ನಮ್ಮ ಸಾಲಿನಲ್ಲಿ ಹೆಚ್ಚಿನವು ಒಂದೇ ಕಾಲದ ಮನೆಗಳು. ಮೇಷ್ಟ್ರ ಜೊತೆ ನಾಣ್ಯ ಹಿಡಿದುಕೊಂಡು ಮನೆ ಮನೆಗೆ ಹೋಗಿ ನೋಡಿದೆವು. ಇನ್ನೂ ಮೂರು ಮನೆಗಳಲ್ಲಿ ಅದೇ ಬೂದು ಪೈಪು, ಅದೇ ಈರುಳ್ಳಿ ಗೆಡ್ಡೆಯಂಥ ಬೆಸುಗೆ. ಒಂದು ಮನೆಯ ಸೊಸೆಗೆ ಈಗ ಆರು ತಿಂಗಳು. ಮೂರೂ ಮನೆಯವರು ಸೇರಿ ಒಂದೇ ಸಲ ರಸ್ತೆ ಅಗೆಸಲು ಅರ್ಜಿ ಬರೆದಿದ್ದಾರೆ. ಅಲ್ಲಿಯವರೆಗೆ ಆ ಹುಡುಗಿಗೆ ಕುಡಿಯುವ ನೀರು ನಮ್ಮ ಮನೆಯಿಂದ ಹೋಗುತ್ತಿದೆ.